ಬೆಟ್ಟಕ್ಕೊಂದು ಪರದೆ

3,776 ಮೀಟರ್ ಎತ್ತರದ ಬೆಟ್ಟವನ್ನು ಮುಚ್ಚಿಡಲು ಎಷ್ಟು ಬಟ್ಟೆ ಬೇಕು? 2.5 ಮೀಟರ್ ಎತ್ತರ, 20 ಮೀಟರ್ ಉದ್ದ ಇದ್ದರೆ ಧಾರಾಳ ಸಾಕು. ಈ ಲೆಕ್ಕ ಹಾಕಿದವರು ಜಪಾನಿನ ಫ್ಯೂಜಿಕಾವಾಗುಚಿಕೊ ಪಟ್ಟಣದವರು. 2024ರ ಮೇ ತಿಂಗಳಲ್ಲಿ ರಸ್ತೆ ಪಕ್ಕ ಅಷ್ಟಗಲದ ಕಪ್ಪು ಬಲೆ ಕಟ್ಟಿ, ದೇಶದ ಅತಿ ಎತ್ತರದ ಬೆಟ್ಟ ಫ್ಯೂಜಿಯನ್ನೇ ಮರೆಮಾಡಿಬಿಟ್ಟರು.

ಪಾಪ, ಅವರಾದರೂ ಏನು ಮಾಡಬೇಕಿತ್ತು? ಅಲ್ಲೊಂದು ಲಾಸನ್ ಅಂಗಡಿ ಇದೆ. ಹಾಲು, ಬ್ರೆಡ್ಡು, ಛತ್ರಿ ಸಿಗುವಂಥ ಮಾಮೂಲಿ ಅಂಗಡಿ. ಎದುರಿನ ಫುಟ್‌ಪಾತಿನಲ್ಲಿ ನಿಂತರೆ ಅದರ ಮಾಡಿನ ಮೇಲೆ ಬೆಟ್ಟ ಬಂದು ಕೂತ ಹಾಗೆ ಕಾಣುತ್ತದೆ. ಯಾರೋ ಫೋಟೊ ತೆಗೆದು ಜಾಲತಾಣದಲ್ಲಿ ಹಾಕಿದರು, ಮುಗೀತು, ಪ್ರವಾಸಿಗರು ಮುಗಿಬಿದ್ದರು. ಫ್ಯೂಜಿಯ ಬುಡದಲ್ಲಿ ಐದು ಸರೋವರಗಳಿವೆ. ಲಾವಾ ಹರಿದು ಗಟ್ಟಿಯಾದ ಬಂಡೆಯ ಮೇಲೆ ಬೆಳೆದ ದಟ್ಟ ಕಾಡಿದೆ, ಗುಹೆಗಳಿವೆ. ಇದಕ್ಕೆಲ್ಲ ಸರ್ಕಾರ ರಾಷ್ಟ್ರೀಯ ಉದ್ಯಾನ ಅಂತ ಹೆಸರಿಟ್ಟು ಕಾಪಾಡಿದೆ. ಬಂದವರು ಕಣ್ತುಂಬ ನೋಡಿದ್ದು ಮಾತ್ರ ಅಂಗಡಿಯ ನೀಲಿ ಬೋರ್ಡು. ಎಡ ಬಲ ನೋಡದೆ ರಸ್ತೆ ದಾಟಿದರು. ಸಿಕ್ಕಲ್ಲಿ ಕಾರು ನಿಲ್ಲಿಸಿದರು, ಕಸ ಬಿಸಾಡಿದರು. ಇನ್ನೂ ಒಳ್ಳೆ ಫೋಟೊ ಬೇಕೆಂದು ಹತ್ತಿರದ ಹಲ್ಲಿನ ಕ್ಲಿನಿಕ್ಕಿನ ಮಾಡು ಹತ್ತಿದರು. ಬೆಟ್ಟ ಹತ್ತಲು ಬಂದವರು ಏನಾದರೊಂದು ಹತ್ತಲೇಬೇಕು ಅಲ್ವಾ?

ಬಲೆ ಕಟ್ಟಿ ಕೆಲವೇ ದಿನಕ್ಕೆ ಅದರಲ್ಲಿ ಸುಮಾರು ಹತ್ತು ತೂತು ಕಾಣಿಸಿಕೊಂಡವು. ಎಲ್ಲವೂ ಕಣ್ಣಿನ ಮಟ್ಟಕ್ಕೆ, ಮೊಬೈಲ್ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದ ಅಳತೆಯಲ್ಲಿ. ಆಗಸ್ಟಿನಲ್ಲಿ ಚಂಡಮಾರುತದ ಸುದ್ದಿ ಬಂತು, ಬಲೆ ಬಿಚ್ಚಿದರು. ಮತ್ತೆ ಕಟ್ಟಲಿಲ್ಲ. ಬಿಚ್ಚಿ ನೋಡಿದರೆ ಬೆಟ್ಟ ಇಟ್ಟಲ್ಲೇ ಇತ್ತು.

ಇನ್ನು ನಿಜವಾಗಿ ಹತ್ತುವವರ ಕಥೆ. ದೂರದ ಬೆಟ್ಟ ನುಣ್ಣಗೆ ಅನ್ನುವ ಗಾದೆಯನ್ನು ಫ್ಯೂಜಿ ಹತ್ತಿದವರಿಗೆ ಬಿಡಿಸಿ ಹೇಳಬೇಕಿಲ್ಲ. ದೂರಕ್ಕೆ ಬೆಳ್ಳಗಿನ ಹಿಮದ ಟೋಪಿ. ಹತ್ತಿರ ಹೋದರೆ ಬರೀ ಕಪ್ಪು, ಕೆಂಪು ಜಲ್ಲಿಪುಡಿ. ಒಂದು ಹೆಜ್ಜೆ ಮುಂದಿಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಅದಕ್ಕೇ ಏನೋ, ಹೆಚ್ಚಿನವರು 2,300 ಮೀಟರಿನವರೆಗೆ ಬಸ್ಸಿನಲ್ಲೇ ಹೋಗುತ್ತಾರೆ. ಬೆಟ್ಟದ ಅರ್ಧಕ್ಕಿಂತ ಜಾಸ್ತಿ ಹತ್ತುವುದು ಬಸ್ಸು, ಆಮೇಲೆ ಕಾಲು ಒತ್ತಿಸಿಕೊಳ್ಳುವುದು ನಾವು.

ಉಳಿದ ಭಾಗವನ್ನು ರಾತ್ರೋರಾತ್ರಿ, ಎಲ್ಲೂ ಮಲಗದೆ, ಒಂದೇ ಉಸಿರಿಗೆ ಹತ್ತಿ ಸೂರ್ಯೋದಯ ನೋಡಿ ಇಳಿಯುವ ಚಾಳಿಗೆ ಅಲ್ಲಿ ಬಂದೂಕಿನ ಗುಂಡಿನ ಹೆಸರಿಟ್ಟಿದ್ದಾರೆ. ಗುಂಡೇನೋ ಜೋರಾಗಿಯೇ ಹೊರಡುತ್ತದೆ. ತುದಿಯ ಹತ್ತಿರ ಜನರ ಸಾಲು ಸಿಕ್ಕಿದಾಗ ಅದೂ ಪಾಳಿಯಲ್ಲಿ ನಿಲ್ಲುತ್ತದೆ, ಆಕಳಿಸುತ್ತದೆ, ಚಳಿಗೆ ನಡುಗುತ್ತದೆ. ಕೊನೆಗೆ ತಲುಪಿದರೆ ಜ್ವಾಲಾಮುಖಿಯ ಬಾಯಿಯ ಅಂಚಿನಲ್ಲಿ ಅಂಚೆ ಕಚೇರಿ, ದುಡ್ಡು ಹಾಕಿದರೆ ಪಾನೀಯ ಕೊಡುವ ಯಂತ್ರ! ಏಕಾಂತ ಹುಡುಕಿಕೊಂಡು ಹೋದವರಿಗೆ ಇನ್ನೇನು ಬೇಕು.

ಈ ಜಾತ್ರೆ ತಡೆಯಲು 2024ರಲ್ಲಿ, ತುದಿಗೆ ಹೋಗುವ ನಾಲ್ಕು ಹಾದಿಗಳಲ್ಲಿ ಒಂದಾದ ಯೋಶಿದಾಕ್ಕೆ ಗೇಟು ಬಂತು. ತಲೆಗೆ 2,000 ಯೆನ್, ದಿನಕ್ಕೆ 4,000 ಜನ, ಅಷ್ಟೇ. 2025ಕ್ಕೆ ನಾಲ್ಕೂ ಹಾದಿಗಳಿಗೆ 4,000 ಯೆನ್ ಆಯಿತು. ಯೋಶಿದಾದಲ್ಲಿ ಮಧ್ಯಾಹ್ನ 2ರಿಂದ ಬೆಳಗಿನ ಜಾವ 3ರವರೆಗೆ ಗೇಟು ಬಂದ್, ಮೇಲೆ ತಂಗಲು ಜಾಗ ಕಾದಿರಿಸಿದವರಿಗೆ ಮಾತ್ರ ಪ್ರವೇಶ. 1707ರಲ್ಲಿ ಇದೇ ಬೆಟ್ಟ ಸಿಡಿದು, ಈಗಿನ ಟೋಕಿಯೊ ಆಗಿರುವ ಎಡೋ ನಗರದ ಮೇಲೆ ಬೂದಿ ಸುರಿದಿತ್ತು. ಆಗ ಪಾಪ ಅದಕ್ಕೆ ಸಮಯದ ಬೋರ್ಡು ತೋರಿಸುವವರು ಯಾರೂ ಇರಲಿಲ್ಲ.

ಅಂದ ಹಾಗೆ, ಫ್ಯೂಜಿಯನ್ನು ವಿಶ್ವ ಪರಂಪರೆಯ ಪ್ರಕೃತಿ ವಿಭಾಗಕ್ಕೆ ಸೇರಿಸಬೇಕೆಂಬ ಆಸೆ ಜಪಾನಿಗೆ ಇತ್ತು. ಕಸವೂ ಅದಕ್ಕೆ ಅಡ್ಡ ಬಂತು. ಕೊನೆಗೆ 2013ರಲ್ಲಿ ಸಂಸ್ಕೃತಿ ವಿಭಾಗದಲ್ಲಿ ಜಾಗ ಸಿಕ್ಕಿತು. ಸರಿಯಾಗೇ ಇದೆ, ಬೆಟ್ಟದ ತುಂಬ ಬಿದ್ದಿದ್ದೂ ನಮ್ಮ ಸಂಸ್ಕೃತಿಯೇ.

ಫ್ಯೂಜಿಯನ್ನು ಒಮ್ಮೆಯೂ ಹತ್ತದವನು ದಡ್ಡ, ಎರಡು ಸಲ ಹತ್ತುವವನೂ ದಡ್ಡ ಅಂತ ಜಪಾನಿನಲ್ಲಿ ಒಂದು ಮಾತಿದೆ. ಎರಡು ಸಲ ಇಳಿಸಿಕೊಂಡವರ ಬಗ್ಗೆ ಆ ಮಾತು ಏನೂ ಹೇಳುವುದಿಲ್ಲ. 2025ರ ಏಪ್ರಿಲ್‌ನಲ್ಲಿ, ಹಿಮ ಬಿದ್ದು ಹಾದಿಗಳೆಲ್ಲ ಮುಚ್ಚಿದ್ದಾಗ, 27 ವರ್ಷದ ವಿದ್ಯಾರ್ಥಿಯೊಬ್ಬ ಮೇಲೆ ಸಿಕ್ಕಿಹಾಕಿಕೊಂಡ. ಹೆಲಿಕಾಪ್ಟರ್ ಬಂದು ಕೆಳಗಿಳಿಸಿತು. ನಾಲ್ಕು ದಿನ ಬಿಟ್ಟು ಅದೇ ಹುಡುಗನನ್ನು ಅದೇ ಬೆಟ್ಟದಿಂದ ಮತ್ತೆ ಇಳಿಸಬೇಕಾಯಿತು. ಮೊದಲ ಸಲ ಮೊಬೈಲನ್ನು ಬೆಟ್ಟದ ಮೇಲೆಯೇ ಬಿಟ್ಟು ಬಂದಿದ್ದನಂತೆ, ತರಲು ಹೋಗಿದ್ದ. ಜೀವ ಕೆಳಗೆ ಬಂದಿದ್ದರೂ ಮೊಬೈಲ್ ಮೇಲೆಯೇ ಇದ್ದರೆ ಯಾರಿಗೆ ತಾನೇ ನಿದ್ದೆ ಬಂದೀತು?

ಹೀಗೆ ಇಳಿಸುವ ಸೇವೆಯೆಲ್ಲ ಆಗ ಅಲ್ಲಿ ಉಚಿತವಾಗಿತ್ತು. ಇನ್ನು ಮೇಲೆ ಇಳಿಸಿದ ಖರ್ಚನ್ನು ಇಳಿಸಿಕೊಂಡವರಿಂದಲೇ ವಸೂಲಿ ಮಾಡಬೇಕು ಅಂತ ಕೆಳಗಿನ ಫ್ಯೂಜಿನೊಮಿಯಾ ಊರಿನ ಮೇಯರ್ ಸಿಟ್ಟಾದರು. ನ್ಯಾಯವೇ. ಆದರೆ ಬಿಲ್ಲು ಬರೆಯುವ ಗುಮಾಸ್ತನ ಪಾಡು ನೆನೆದರೆ ಅಯ್ಯೋ ಅನಿಸುತ್ತದೆ. ಮೊದಲ ಸಾಲಿನಲ್ಲಿ ಮನುಷ್ಯ ಒಬ್ಬ, ಇಷ್ಟು ಯೆನ್ ಅಂತ ಬರೆಯಬಹುದು. ಎರಡನೇ ಸಾಲಿಗೆ ಬಂದಾಗ, ಮಾಲು ಯಾವುದು ಅಂತ ಬರೆಯುವುದು?