ಕುರ್ಚಿಯ ಹಿಂದೆ ನಿಂತವರು

ಹೋದ ಭಾನುವಾರ ಬೆಳಿಗ್ಗೆ ನಗರದ ಹಳೆಯ ಹೋಟೆಲೊಂದರಲ್ಲಿ ಮಸಾಲೆ ದೋಸೆಯ ಗರಿಗರಿಯಾದ ಅಂಚನ್ನು ಮುರಿಯುತ್ತಿದ್ದಾಗ ನನ್ನ ಕುರ್ಚಿಯ ಬೆನ್ನಿನ ಮೇಲೆ ಯಾರದೋ ಕೈ ಬಂದು ಊರಿತು. ತಿರುಗಿ ನೋಡಿದರೆ, ಒಬ್ಬ ಗೃಹಸ್ಥರು ನನ್ನ ತಟ್ಟೆಯನ್ನೇ ದಿಟ್ಟಿಸುತ್ತ, "ನಿಧಾನವಾಗಿ ತಿನ್ನಿ ಸಾರ್, ನಮಗೇನೂ ಅವಸರವಿಲ್ಲ" ಎಂದರು. ಅವಸರವಿಲ್ಲದವರಿಗೆ ಕಾಯಲೆಂದು ಹೊರಗೆ ಬೆಂಚು ಹಾಕಿಸಿದ್ದರು. ಪಲ್ಯದಲ್ಲಿ ಆಲೂಗಡ್ಡೆ ಎಷ್ಟು ಉಳಿದಿದೆ ಎಂದು ಬೇರೊಬ್ಬರು ಅಳೆಯುತ್ತಿರುವಾಗ ದೋಸೆ ನುಂಗುವುದು ಪರೀಕ್ಷೆ ಬರೆಯುವಷ್ಟೇ ಕಷ್ಟ.

ಬೆಂಗಳೂರಿನ ಹಳೆಯ ಹೋಟೆಲುಗಳ ಬಗ್ಗೆ ಬರೆಯುವವರೆಲ್ಲ ತುಪ್ಪದ ಘಮವನ್ನೂ ಕಾಫಿಯ ನೊರೆಯನ್ನೂ ವರ್ಣಿಸುತ್ತಾರೆಯೇ ಹೊರತು ಈ ಕಾವಲುಗಾರರ ಗೊಡವೆಗೆ ಹೋಗುವುದಿಲ್ಲ. 1924ರಲ್ಲಿ ಆರಂಭವಾದ ಎಂ.ಟಿ.ಆರ್.ನಲ್ಲಾಗಲಿ, 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನದಲ್ಲಾಗಲಿ ಹೆಸರು ಬರೆಸಿ ಕಾಯುವ ಪದ್ಧತಿಯಿದೆ. ಅದು ಸಭ್ಯವಾದ ಏರ್ಪಾಡು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿಯೇ ಇಡ್ಲಿ ಮಾಡಿದೆವೆಂದು ಎಂ.ಟಿ.ಆರ್.ನವರು ಹೇಳುತ್ತಾರೆ. ಅಂಥ ಊರು ಕುರ್ಚಿಯ ಬರಕ್ಕೂ ಉಪಾಯ ಹುಡುಕದೆ ಇರಲಿಲ್ಲ: 1980ರ ದಶಕದಲ್ಲಿ ದರ್ಶಿನಿಗಳು ಬಂದು ಕುರ್ಚಿಯನ್ನೇ ತೆಗೆದುಹಾಕಿದವು. ಎಲ್ಲರೂ ನಿಂತೇ ತಿನ್ನುವಲ್ಲಿ ಯಾರ ಹಿಂದೆ ಯಾರು ನಿಲ್ಲಬೇಕು?

ಕಾಯುವ ಕಲೆಯಲ್ಲಿ ನನ್ನ ಸೋದರಮಾವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಎಚ್.ಎಂ.ಟಿ.ಯ ಗಡಿಯಾರ ಕಾರ್ಖಾನೆಯಲ್ಲಿ ದುಡಿದ ಅವರು, ಹೋಟೆಲಿನ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿ, ಯಾವ ಮೇಜು ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆಂದು ಲೆಕ್ಕ ಹಾಕುತ್ತಿದ್ದರು. ಎರಡನೆಯ ಸಲ ಚಟ್ನಿ ಹಾಕಿಸಿಕೊಂಡವನ ಹಿಂದೆ ನಿಲ್ಲಬಾರದು. ಖಾರಾಬಾತ್ ಮುಗಿಸಿ ಕೈ ತೊಳೆಯದೆ ಕುಳಿತವನು ಕೇಸರಿಬಾತ್ ತಿನ್ನದೆ ಏಳುವುದಿಲ್ಲ. ಕಾಫಿಯನ್ನು ಬಟ್ಟಲಿಗೆ ಸುರಿದು ಆರಿಸುವವನು ಬೇಗ ಹೊರಡುವವನು. ಲೋಟದಲ್ಲಿಯೇ ಗುಟುಕು ಗುಟುಕಾಗಿ ಹೀರುವವನಿಗೆ ಮನೆಯಲ್ಲಿ ನೆಮ್ಮದಿಯಿಲ್ಲ. ಬೈಟು ಕಾಫಿ ಹೇಳಿದ ಇಬ್ಬರು ನಿವೃತ್ತರ ಮೇಜನ್ನಂತೂ ಮಧ್ಯಾಹ್ನದವರೆಗೆ ಮರೆತುಬಿಡಬೇಕು.

ಇಂಥ ಮಾವನೂ ಒಮ್ಮೆ ಮೋಸಹೋದರು. ಅವರು ಆರಿಸಿಕೊಂಡ ಆಸಾಮಿ ಕಾಫಿ ಮುಗಿಸಿದ್ದ, ಬಿಲ್ಲು ಬಂದಿತ್ತು, ಜೇಬಿಗೆ ಕೈ ಹೋಗಿತ್ತು. ಅಷ್ಟರಲ್ಲಿ ಸಪ್ಲೈಯರ್ ಮೊಣಕೈಯವರೆಗೆ ತಟ್ಟೆಗಳನ್ನು ಜೋಡಿಸಿಕೊಂಡು ಪಕ್ಕದಲ್ಲಿ ಹಾದುಹೋಗುತ್ತ, "ಈಗ ತಾನೇ ಕಾವಲಿಯಿಂದ ತೆಗೆದದ್ದು ಸಾರ್, ಒಂದು ಹೆಚ್ಚಿಗೆ ಇದೆ" ಎಂದ. ಆಸಾಮಿ ಜೇಬಿನಿಂದ ಕೈ ತೆಗೆದು ತಟ್ಟೆಗೆ ಚಾಚಿದ. ಬಿಲ್ಲು ಬಂದ ಮೇಲೆ ಕುರ್ಚಿಯ ಮೇಲಿನ ಹಕ್ಕು ಮುಗಿಯಿತೆಂದು ಮಾವ ವಾದ ಹೂಡಿದರು. ಬಿಲ್ಲನ್ನೇ ಎತ್ತಿಕೊಂಡು ಗಲ್ಲಾದ ಮೇಲಿದ್ದ ಯಜಮಾನರ ಮುಂದೆ ಹಿಡಿದರು. ಯಜಮಾನರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸದೆ, "ಬಿಲ್ ಬಂದ ಮಾತ್ರಕ್ಕೆ ಹೊಟ್ಟೆ ತುಂಬಿಬಿಡುತ್ತದೆಯೇ, ಸ್ವಾಮಿ?" ಎಂದರು. ಆ ಹೋಟೆಲಿನ ದೋಸೆ ಚಿಕ್ಕದಾಗುತ್ತ ಬಂದಿದೆ ಎಂದು ಮಾವ ನೆಂಟರಿಷ್ಟರಿಗೆಲ್ಲ ಹೇಳತೊಡಗಿದ್ದು ಆ ದಿನದಿಂದಲೇ. ಮದುವೆಮನೆಯ ಪಂಕ್ತಿಯಲ್ಲಿ ಕುಳಿತಾಗಲೂ ಅವರಿಗೆ ಆ ಬಿಲ್ಲಿನ ನ್ಯಾಯ ನೆನಪಾಗುತ್ತಿತ್ತು. ಪಕ್ಕದವರು ವಕೀಲರಾಗಿದ್ದರೆ ಪಾಯಸ ಬಂದದ್ದೂ ತಿಳಿಯುತ್ತಿರಲಿಲ್ಲ.

ಇಷ್ಟೆಲ್ಲ ಇರಸುಮುರಸು ಸಹಿಸಿಕೊಂಡು ನಾವು ಈ ಹೋಟೆಲುಗಳಿಗೆ ಏಕೆ ಹೋಗುತ್ತೇವೆ ಎಂಬುದನ್ನು ವಿಚಾರ ಮಾಡಬೇಕೆಂದಿದ್ದೆ. ಮನೆಯ ಹತ್ತಿರವೇ ಒಳ್ಳೆಯ ದೋಸೆ ಸಿಗುತ್ತದೆ, ಕುರ್ಚಿಯೂ ಸಿಗುತ್ತದೆ. ಆದ್ದರಿಂದ ರುಚಿಯೊಂದೇ ಕಾರಣವಾಗಲಾರದು. ಹಳೆಯ ನೆನಪು ಎನ್ನೋಣವೆಂದರೆ, ನನ್ನ ಹಿಂದೆ ನಿಂತಿದ್ದ ಗೃಹಸ್ಥರು ಈ ಊರಿಗೆ ಬಂದು ಒಂದು ವರ್ಷವೂ ಆಗಿಲ್ಲವೆಂದು ತಾವೇ ಹೇಳಿದರು. ವಿಚಾರ ಅಲ್ಲಿಗೇ ನಿಂತಿದೆ.

ಒಂದು ವಿನಾಯಿತಿಯನ್ನು ಮಾತ್ರ ಕೊಡಬಲ್ಲೆ. ಬಿಸಿ ದೋಸೆಯನ್ನು ಮುಂದಿಟ್ಟುಕೊಂಡು, ಬೆಣ್ಣೆ ಕರಗಿ ಆರುವವರೆಗೂ ಮೊಬೈಲಿನಲ್ಲಿ ಅದರ ಚಿತ್ರ ತೆಗೆಯುತ್ತ ಕೂರುವವರಿದ್ದಾರಲ್ಲ, ಅವರ ಹಿಂದೆ ಧಾರಾಳವಾಗಿ ನಿಲ್ಲಬಹುದು. ಕುರ್ಚಿಯನ್ನು ತುಸು ಅಲ್ಲಾಡಿಸಿದರೂ ನನ್ನ ತಕರಾರಿಲ್ಲ.