ನೀನು ಎಲ್ಲಿಗೆ ಹೋಗ್ತೀಯ ಅಂತ ಕೇಳಿದವರು

ಹೋದ ತಿಂಗಳು ಮಡಿಕೇರಿಗೆ ಹೋಗಿದ್ದಾಗ ತಂಗಿಯ ಮಗಳನ್ನು ಸನ್ನಿಸೈಡ್‌ಗೆ ಕರೆದುಕೊಂಡು ಹೋಗಿದ್ದೆ. ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ ಅದು. 2021ರಿಂದ ವಸ್ತುಸಂಗ್ರಹಾಲಯ ಆಗಿದೆ. ನಮ್ಮ ಹುಡುಗಿಗೆ ಕೊರಿಯಾದ ಸೀರಿಯಲ್ ಅಂದರೆ ಪ್ರಾಣ. ತಿಮ್ಮಯ್ಯನವರು 1953ರಲ್ಲಿ ಕೊರಿಯಾದಲ್ಲಿದ್ದರು ಅಂದೆ. ಅವಳು ನಂಬಲೇ ಇಲ್ಲ. "ಕೊಡಗಿನವರಿಗೆ ಅಲ್ಲೇನು ಕೆಲಸ ದೊಡ್ಡಮ್ಮಾ?" ಅಂದಳು. ಆಗ ಎರಡು ಮಾತಿನಲ್ಲಿ ಏನೋ ಹೇಳಿದೆ. ಅಷ್ಟು ಹೇಳಿದ್ದು ನನಗೇ ಸಾಲಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಕೊರಿಯಾವನ್ನು ಜಪಾನ್ 1910ರಲ್ಲಿ ನುಂಗಿತ್ತು. 35 ವರ್ಷ ಆಳಿತು. 1945ರ ಆಗಸ್ಟ್‌ನಲ್ಲಿ ಜಪಾನ್ ಸೋಲುವುದು ಖಚಿತವಾದಾಗ ಸೋವಿಯತ್ ಸೈನ್ಯ ಉತ್ತರದಿಂದ ಒಳಗೆ ಬರುತ್ತಿತ್ತು. ಇಡೀ ಕೊರಿಯಾ ಅವರ ಕೈಗೆ ಹೋದರೆ ಏನು ಗತಿ ಎಂಬ ಚಿಂತೆ ವಾಷಿಂಗ್ಟನ್‌ಗೆ. ಆಗಸ್ಟ್ 10ರ ರಾತ್ರಿ ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಕರ್ನಲ್‌ಗಳಿಗೆ ಒಂದು ಕೆಲಸ ಕೊಟ್ಟರು. ಜಪಾನಿ ಸೈನಿಕರು ಯಾವ ಭಾಗದಲ್ಲಿ ಯಾರಿಗೆ ಶರಣಾಗಬೇಕು, ಅದಕ್ಕೊಂದು ಗೆರೆ ಬೇಕು. ಸಮಯ ಸುಮಾರು ಅರ್ಧ ಗಂಟೆ. ಅವರ ಮುಂದಿದ್ದದ್ದು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಒಂದು ನಕ್ಷೆ. ರಾಜಧಾನಿ ಸೋಲ್ ತಮ್ಮ ಪಾಲಿಗೆ ಬರಲಿ ಅಂತ 38ನೇ ಅಕ್ಷಾಂಶದ ಮೇಲೆ ಕೈ ಇಟ್ಟರು. ಸ್ಟಾಲಿನ್ ಕೂಡ ಒಪ್ಪಿಬಿಟ್ಟ.

ಆ ಕೋಣೆಯಲ್ಲಿ ಕೊರಿಯಾದವರು ಒಬ್ಬರೂ ಇರಲಿಲ್ಲ.

ಅಕ್ಷಾಂಶ ಅಂದರೆ ನದಿಯಲ್ಲ, ಬೆಟ್ಟವಲ್ಲ. ನೆಲದ ಮೇಲೆ ಹುಡುಕಿದರೆ ಅದು ಕಾಣುವುದೇ ಇಲ್ಲ. ಹೊಳೆ, ರಸ್ತೆ, ರೈಲು ಹಳಿ, ಊರು, ಎಲ್ಲದರ ಮೇಲೂ ಆ ಗೆರೆ ಹಾದುಹೋಯಿತು. ನನಗೆ ಈಗಲೂ ಹೊಟ್ಟೆ ಉರಿಯುವುದು ಇಲ್ಲೇ. ಜರ್ಮನಿಯನ್ನು ಪಾಲು ಮಾಡಿದರು, ಸರಿ, ಅದು ಯುದ್ಧ ಶುರು ಮಾಡಿದ ದೇಶ. ಕೊರಿಯಾ ಯಾರ ಮೇಲೆ ಯುದ್ಧಕ್ಕೆ ಹೋಗಿತ್ತು? ಸೋತದ್ದು ಜಪಾನ್, ಪಾಲಾದದ್ದು ಕೊರಿಯಾ.

ಆ ಗೆರೆ ಬರೀ ಶರಣಾಗತಿಯ ಲೆಕ್ಕಕ್ಕೆ ಎಳೆದದ್ದು, ತಾತ್ಕಾಲಿಕ. ಆದರೆ ಅಮೆರಿಕ ಮತ್ತು ಸೋವಿಯತ್ ನಡುವೆ ವೈರ ಬೆಳೆದಂತೆ ಗೆರೆಯೂ ಗಟ್ಟಿಯಾಯಿತು. 1948ರ ಆಗಸ್ಟ್‌ನಲ್ಲಿ ದಕ್ಷಿಣದಲ್ಲಿ ಸಿಂಗ್‌ಮನ್ ರೀ ಸರ್ಕಾರ ಬಂತು, ಸೆಪ್ಟೆಂಬರ್‌ನಲ್ಲಿ ಉತ್ತರದಲ್ಲಿ ಕಿಮ್ ಇಲ್ ಸುಂಗ್ ಸರ್ಕಾರ. ಇಡೀ ಕೊರಿಯಾ ನಮ್ಮದೇ ಅಂತ ಇಬ್ಬರೂ ಹೇಳಿದರು. ಇವರಿಬ್ಬರನ್ನು ನಾನು ಸುಮ್ಮನೆ ಬಿಡುವುದಿಲ್ಲ. ದಾಳಿಗೆ ಅನುಮತಿ ಕೊಡಿ ಅಂತ ಸ್ಟಾಲಿನ್ ಹತ್ತಿರ ಮತ್ತೆ ಮತ್ತೆ ಕೇಳಿದ್ದು ಕಿಮ್. ಉತ್ತರಕ್ಕೆ ನುಗ್ಗುತ್ತೇವೆ ಅನ್ನುತ್ತಿದ್ದದ್ದು ರೀ. ಆದರೆ ಇಬ್ಬರ ಬೆನ್ನ ಹಿಂದೆಯೂ ಒಂದೊಂದು ದೊಡ್ಡ ಶಕ್ತಿ ನಿಂತಿರದಿದ್ದರೆ ಆ ಮಾತಿಗೆ ಟ್ಯಾಂಕು ಎಲ್ಲಿಂದ ಬರಬೇಕು?

1950ರ ಜೂನ್ 25ರಂದು ಉತ್ತರದ ಸೈನ್ಯ ಗೆರೆ ದಾಟಿತು. ವಿಶ್ವಸಂಸ್ಥೆಯ ಹೆಸರಿನಲ್ಲಿ ಅಮೆರಿಕದ ಜೊತೆ ಇನ್ನೂ ಹದಿನೈದು ದೇಶಗಳ ಸೈನ್ಯ ಬಂತು. ಭಾರತ ದಾಳಿಯನ್ನು ಖಂಡಿಸಿತು, ಆದರೆ ಹೊಡೆದಾಡಲು ಒಬ್ಬ ಸೈನಿಕನನ್ನೂ ಕಳಿಸಲಿಲ್ಲ. ಕಳಿಸಿದ್ದು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ಮುಂದಾಳತ್ವದ ವೈದ್ಯಕೀಯ ತುಕಡಿ. ಬಂದೂಕು ಹಿಡಿದವರ ನಡುವೆ ನಮ್ಮವರು ಬ್ಯಾಂಡೇಜು ಕಟ್ಟಿದರು.

ಆ ಅಕ್ಟೋಬರ್‌ನಲ್ಲಿ ಇನ್ನೊಂದು ಘಟನೆ ನಡೆಯಿತು. ಬೀಜಿಂಗ್‌ನಲ್ಲಿ ನಮ್ಮ ರಾಯಭಾರಿಯಾಗಿದ್ದ ಕೆ.ಎಂ. ಪಣಿಕ್ಕರ್ ಅವರನ್ನು ಚೀನಾದ ಪ್ರಧಾನಿ ಚೌ ಎನ್‌ಲಾಯ್ ನಡುರಾತ್ರಿ ಕರೆಸಿದರು. ಅಮೆರಿಕದ ಸೈನ್ಯ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರಲ್ಲ ಅಂದರು. ದೆಹಲಿಯ ಮೂಲಕ ಆ ಮಾತು ಮುಟ್ಟಬೇಕಾದಲ್ಲಿಗೆ ಮುಟ್ಟಿತು. ವಾಷಿಂಗ್ಟನ್‌ನಲ್ಲಿ ಯಾರೂ ಅದಕ್ಕೆ ಬೆಲೆ ಕೊಡಲಿಲ್ಲ. ಪಣಿಕ್ಕರ್ ಚೀನಾದ ಕಡೆ ವಾಲಿದವರು ಅಂತ ಅವರ ಅನುಮಾನ. ಸೈನ್ಯ ಗೆರೆ ದಾಟಿತು, ಚೀನಾ ಬಂತು, ಯುದ್ಧ 1953ರವರೆಗೆ ಎಳೆಯಿತು. ಎರಡು ಬಣಗಳಲ್ಲಿ ಯಾವುದಕ್ಕೂ ಸೇರದವನ ಮಾತು ಇಬ್ಬರಿಗೂ ಅನುಮಾನವೇ. ಕಿವಿಗೊಟ್ಟಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ!

ಸೋಲ್ ನಗರ ನಾಲ್ಕು ಸಲ ಕೈ ಬದಲಾಯಿತು. ಒಟ್ಟು ಸತ್ತವರು ಇಪ್ಪತ್ತು ಲಕ್ಷಕ್ಕೂ ಜಾಸ್ತಿ. ಹೆಚ್ಚಿನವರು ಸಾಮಾನ್ಯ ಜನ. ಇಷ್ಟಾಗಿ ಗೆರೆ ಹೆಚ್ಚುಕಡಿಮೆ ಇದ್ದಲ್ಲೇ ಉಳಿಯಿತು.

ಇನ್ನು ತಿಮ್ಮಯ್ಯನವರ ವಿಷಯಕ್ಕೆ ಬರುತ್ತೇನೆ. ಕದನವಿರಾಮದ ಮಾತುಕತೆ ಎರಡು ವರ್ಷ ಎಳೆದದ್ದಕ್ಕೆ ದೊಡ್ಡ ಕಾರಣ ಯುದ್ಧಕೈದಿಗಳು. ಎಲ್ಲ ಕೈದಿಗಳನ್ನೂ ಅವರವರ ದೇಶಕ್ಕೆ ವಾಪಸ್ ಕಳಿಸಬೇಕು ಅಂತ ಚೀನಾ ಮತ್ತು ಉತ್ತರ ಕೊರಿಯಾ. ಹೋಗಲು ಮನಸ್ಸಿಲ್ಲದವರನ್ನು ಬಲವಂತವಾಗಿ ಕಳಿಸಬಾರದು ಅಂತ ಅಮೆರಿಕದ ಕಡೆಯವರು. 1952ರ ಕೊನೆಗೆ ಭಾರತದ ವಿ.ಕೆ. ಕೃಷ್ಣ ಮೆನನ್ ವಿಶ್ವಸಂಸ್ಥೆಯಲ್ಲಿ ಒಂದು ದಾರಿ ಮುಂದಿಟ್ಟರು, ಕೈದಿಗಳ ವಿಷಯವನ್ನು ಒಂದು ಆಯೋಗಕ್ಕೆ ಒಪ್ಪಿಸೋಣ ಅಂತ. ಕೊನೆಗೆ 1953ರ ಜುಲೈ 27ಕ್ಕೆ ಕದನವಿರಾಮ ಆದಾಗ ಐದು ತಟಸ್ಥ ದೇಶಗಳ ಆಯೋಗ ಬಂತು. ಸ್ವೀಡನ್, ಸ್ವಿಟ್ಜರ್‌ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ, ಭಾರತ. ಅಧ್ಯಕ್ಷರು ನಮ್ಮ ತಿಮ್ಮಯ್ಯ. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಥೋರಟ್ ಅವರ ಕೈಕೆಳಗೆ ಭಾರತದ ಸಾವಿರಾರು ಸೈನಿಕರು.

ಇವರು ಹೋಗಿದ್ದೇ ಒಂದು ಕಥೆ. ಭಾರತದ ಸೈನಿಕರು ನನ್ನ ನೆಲದ ಮೇಲೆ ಕಾಲಿಡಕೂಡದು ಅಂತ ಸಿಂಗ್‌ಮನ್ ರೀ ಹಟ ಹಿಡಿದ. ಅವನ ಲೆಕ್ಕದಲ್ಲಿ ತಟಸ್ಥ ಅಂದರೂ ಕಮ್ಯುನಿಸ್ಟ್ ಅಂದರೂ ಒಂದೇ. ಕೊನೆಗೆ ಇಂಚನ್ ಬಂದರಿನ ಹಡಗುಗಳಿಂದ ಹೆಲಿಕಾಪ್ಟರ್‌ನಲ್ಲಿ ಎತ್ತಿ ಎರಡು ಕೊರಿಯಾಗಳ ನಡುವಿನ ಸೇನಾರಹಿತ ವಲಯಕ್ಕೆ ಇಳಿಸಿದರು. ಅಲ್ಲಿ ಟೆಂಟು ಹಾಕಿಕೊಂಡು ಆ ಜಾಗಕ್ಕೆ ಹಿಂದ್ ನಗರ ಅಂತ ಹೆಸರಿಟ್ಟರು.

ಅವರ ವಶಕ್ಕೆ ಬಂದವರು ವಾಪಸ್ ಹೋಗಲು ಒಪ್ಪದ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು. ಹಾಗೇ ವಿಶ್ವಸಂಸ್ಥೆಯ ಕಡೆಯವರು 359 ಜನ, ಅದರಲ್ಲಿ 23 ಅಮೆರಿಕನ್ನರು. ಒಬ್ಬೊಬ್ಬ ಕೈದಿಯನ್ನೂ ಕೂರಿಸಿ, ಅವನ ದೇಶದ ಪ್ರತಿನಿಧಿ ಮಾತಾಡಿದ ಮೇಲೆ, ನೀನು ಎಲ್ಲಿಗೆ ಹೋಗ್ತೀಯ ಅಂತ ಕೇಳಬೇಕು. ಇದೇ ಕೆಲಸ.

ಇದನ್ನು ಓದಿದಾಗಲೆಲ್ಲ ನನ್ನ ಮನಸ್ಸು ಅಲ್ಲೇ ನಿಲ್ಲುತ್ತದೆ. ನಕ್ಷೆ ನೋಡಿ ಗೆರೆ ಎಳೆದಾಗ ಯಾರನ್ನೂ ಕೇಳಲಿಲ್ಲ. ಯುದ್ಧಕ್ಕೆ ಹೊರಟಾಗ ಕೇಳಲಿಲ್ಲ. ಊರು ಸುಟ್ಟಾಗ ಕೇಳಲಿಲ್ಲ. ನಿನಗೇನು ಬೇಕು ಅಂತ ಒಬ್ಬೊಬ್ಬನನ್ನೇ ಎದುರು ಕೂರಿಸಿ ಕೇಳಲು ಮಾಡಿದ ಏರ್ಪಾಡು ನನಗೆ ಕಾಣುವುದು ಆ ಟೆಂಟುಗಳಲ್ಲಿ ಮಾತ್ರ.

ಆ ಪ್ರಶ್ನೆಯನ್ನೂ ನೆಟ್ಟಗೆ ಕೇಳಲು ಬಿಡಲಿಲ್ಲ. ಶಿಬಿರಗಳ ಒಳಗೆ ಕೈದಿಗಳ ಪುಂಡರ ಗುಂಪುಗಳಿದ್ದವು. ವಾಪಸ್ ಹೋಗ್ತೀನಿ ಅಂದವನಿಗೆ ಏಟು, ಕೆಲವರಿಗೆ ಸಾವು. ಕೇಳಲು ಇಟ್ಟಿದ್ದ 90 ದಿನಗಳಲ್ಲಿ ಕೆಲಸ ನಡೆದದ್ದು ಬೆರಳೆಣಿಕೆಯ ದಿನ. ತಿಮ್ಮಯ್ಯನವರನ್ನು ಎರಡೂ ಕಡೆಯವರು ಬೈದರು. ಆದರೂ ನಮ್ಮ ಸೈನಿಕರು ಸಾವಿರಾರು ಕೈದಿಗಳನ್ನು ಆ ಚಳಿಯಲ್ಲಿ ಕಾದರು. 1954ರ ಜನವರಿಯಲ್ಲಿ, ಉಳಿದ ಕೈದಿಗಳನ್ನು ಮೊದಲು ಹಿಡಿದಿದ್ದವರಿಗೇ ಒಪ್ಪಿಸಿದರು. ಇದನ್ನು ಸೋಲು ಅನ್ನುವವರಿದ್ದಾರೆ. ನಾನು ಹಾಗೆ ಅನ್ನಲಾರೆ.

ಗೆರೆ ಇವತ್ತಿಗೂ ಇದೆ. ಸುಮಾರು 250 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲದ ವಲಯ, ಎರಡೂ ಕಡೆ ತಂತಿ ಬೇಲಿ. ಶಾಂತಿ ಒಪ್ಪಂದ ಇನ್ನೂ ಆಗಿಲ್ಲ, ಇರುವುದು ಬರೀ ಕದನವಿರಾಮ. 1953ರಲ್ಲಿ ಅಮೆರಿಕ ದಕ್ಷಿಣದ ಜೊತೆ ರಕ್ಷಣಾ ಒಪ್ಪಂದ ಮಾಡಿಕೊಂಡಿತು, 1961ರಲ್ಲಿ ಸೋವಿಯತ್ ಮತ್ತು ಚೀನಾ ಉತ್ತರದ ಜೊತೆ. ಆ ಸ್ನೇಹದ ಬಾಕಿ ತೀರಿಸಲು ದಕ್ಷಿಣ ಕೊರಿಯಾ ವಿಯೆಟ್ನಾಂ ಯುದ್ಧಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳಿಸಿತು. ವಿಯೆಟ್ನಾಂ ಕೂಡ ಹೀಗೇ 17ನೇ ಅಕ್ಷಾಂಶದಲ್ಲಿ ಸೀಳಿದ ದೇಶ. 2024ರಲ್ಲಿ ಉತ್ತರ ಕೊರಿಯಾದ ಹುಡುಗರು ರಷ್ಯಾದ ಕುರ್ಸ್ಕ್‌ನಲ್ಲಿ ಹೋರಾಡಲು ಹೋದರು. ಒಂದು ಗೋಡೆಗೆ ಇಷ್ಟೊಂದು ತೊಲೆ ಆನಿಸಿ ಮನೆ ಕಟ್ಟಿದ ಮೇಲೆ ಆ ಗೋಡೆ ಬೀಳಲಿ ಅಂತ ಮನೆಯವರು ಯಾಕೆ ಬಯಸುತ್ತಾರೆ? ಕೊರಿಯಾ ಒಂದಾಗದೆ ಇರುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಇದು.

ಬೇಲಿಯ ಆಚೆ ಇರುವ ಅಣ್ಣನನ್ನೋ ಮಗಳನ್ನೋ ಒಮ್ಮೆ ನೋಡಬೇಕು ಅಂತ ದಕ್ಷಿಣದಲ್ಲಿ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ ಹೆಸರು ಬರೆಸಿದ್ದರು. ಹೆಚ್ಚಿನವರು ಕಾಯುತ್ತಲೇ ತೀರಿಕೊಂಡರು. ಕೊನೆಯ ಭೇಟಿ ನಡೆದದ್ದು 2018ರ ಆಗಸ್ಟ್‌ನಲ್ಲಿ.

ತಿಮ್ಮಯ್ಯನವರು ಆಮೇಲೆ ನಮ್ಮ ಸೇನೆಯ ಮುಖ್ಯಸ್ಥರಾದರು. ನಿವೃತ್ತಿಯ ನಂತರ ವಿಶ್ವಸಂಸ್ಥೆಯ ಪಡೆ ನಡೆಸಲು ಸೈಪ್ರಸ್‌ಗೆ ಹೋದರು. ಅದೂ ಒಡೆದ ನೆಲವೇ. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಆ ಪುಟ್ಟ ದ್ವೀಪ ಅವರ ನೆನಪಿಗೆ ಅಂಚೆಚೀಟಿ ತಂದಿತು.

ಇನ್ನೊಂದು ಹೇಳದಿದ್ದರೆ ನಮ್ಮ ಹುಡುಗಿ ಬಿಡುವುದಿಲ್ಲ, ಯಾಕೆಂದರೆ ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಆ ಸಾವಿರಾರು ಕೈದಿಗಳಲ್ಲಿ 88 ಜನ ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾ, ತೈವಾನ್ ಯಾವುದೂ ಬೇಡ ಅಂದರು. ಅವರನ್ನು ನಮ್ಮ ಸೈನಿಕರು ತಮ್ಮ ಜೊತೆಗೇ ಹಡಗು ಹತ್ತಿಸಿಕೊಂಡು ಮದ್ರಾಸಿಗೆ ಕರೆತಂದರು. ಮುಂದೆ ಹಲವರು ಬ್ರೆಜಿಲ್‌ಗೆ, ಅರ್ಜೆಂಟೀನಾಕ್ಕೆ ಹೋದರು. ಕೆಲವರು ಇಲ್ಲೇ ಉಳಿದರು. "ಅವರಿಗೆ ಊಟಕ್ಕೆ ಏನು ಕೊಡ್ತಿದ್ರು ದೊಡ್ಡಮ್ಮಾ, ಅನ್ನ ಸಾರಾ?" ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ.

ಕೊಡಗಿನಲ್ಲಿ, ಬೆಳಗಾವಿ ಕಡೆ ಸೇನೆಗೆ ಹೋದ ಮನೆಗಳು ಜಾಸ್ತಿ. ನಿಮ್ಮ ಅಜ್ಜನೋ ದೊಡ್ಡಪ್ಪನೋ 1953ರಲ್ಲಿ ಕೊರಿಯಾಕ್ಕೆ ಹೋಗಿದ್ದರೆ, ಮನೆಯಲ್ಲಿ ಒಂದು ಕಾಗದ, ಒಂದು ಫೋಟೋ ಇದ್ದರೆ, ದಯವಿಟ್ಟು ಇಲ್ಲಿ ಬರೆಯಿರಿ. ಹಿಂದ್ ನಗರದ ಆ ಚಳಿಗಾಲದ ಬಗ್ಗೆ ಅವರು ಏನಾದರೂ ಹೇಳಿದ್ದರೆ ಅದನ್ನೂ ಬರೆಯಿರಿ.