ಯೇಸು ಸಿಕ್ಸರ್, ಮೋಶೆ ಔಟ್

ನಮ್ಮಕ್ಕನ ಮಗ ಅಮೆರಿಕದ ಇಂಡಿಯಾನಾದಲ್ಲಿ ಸೌತ್ ಬೆಂಡ್ ಅನ್ನೋ ಊರಲ್ಲಿ ಓದ್ತಾ ಇದಾನೆ, ಹೋದ ವಾರ ವಾಟ್ಸಾಪಲ್ಲಿ ಒಂದು ಫೋಟೋ ಹಾಕಿದ್ದ. ದೊಡ್ಡ ಕಟ್ಟಡ, ಗೋಡೆ ತುಂಬಾ ಯೇಸುಸ್ವಾಮಿ ಎರಡೂ ಕೈ ಮೇಲೆತ್ತಿ ನಿಂತಿರೋ ಚಿತ್ರ. ನಾನಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮುಂದೆ ಕೂತಿದ್ದೆ, ಎದುರಿಗೆ ನಮ್ಮ ರಿಟೈರ್ಡ್ ಪಿಟಿ ಮೇಷ್ಟ್ರು, ಸರಿ ಅವರಿಗೂ ತೋರಿಸಿದೆ. ಮೇಷ್ಟ್ರು ಚಟ್ನಿ ಕೈ ಪೇಪರಿಗೆ ಒರೆಸ್ಕೊಂಡು, ಕನ್ನಡಕ ಹಣೆಗೆ ಏರಿಸಿ, ಫೋನ್ ಮೂಗಿನ ಹತ್ರ ಹಿಡ್ಕೊಂಡು ನೋಡಿ "ಸಿಕ್ಸರ್ ಯಾರಪ್ಪ ಹೊಡ್ದಿದ್ದು?" ಅಂದ್ರು.

ನಕ್ಕು ಸುಮ್ಮನಾದೆ. ಆದ್ರೆ ರಾತ್ರಿ ಹುಡುಗನಿಗೆ ಫೋನ್ ಮಾಡಿ ಕೇಳಿದ್ರೆ ಮೇಷ್ಟ್ರು ಹೇಳಿದ್ದು ಮುಕ್ಕಾಲು ಪಾಲು ಸರೀನೇ ಅಂತೆ! ಅದು ನೋಟರ್ ಡೇಮ್ ಯೂನಿವರ್ಸಿಟಿ, ಕ್ಯಾಥೊಲಿಕ್ ಪಾದ್ರಿಗಳು ಕಟ್ಟಿದ್ದು, ಆ ಕಟ್ಟಡ ಲೈಬ್ರರಿ. 1964ರಲ್ಲಿ 134 ಅಡಿ ಎತ್ತರಕ್ಕೆ ಕಲ್ಲಿನ ತುಂಡು ಜೋಡಿಸಿ ಆ ಚಿತ್ರ ಮಾಡಿದ್ರು, ಯೇಸು ಗುರುವಾಗಿ ನಿಂತಿದಾನೆ, ಕೆಳಗೆ ಬೇರೆ ಬೇರೆ ಕಾಲದ ಪಂಡಿತರು, ಒಟ್ಟಲ್ಲಿ ವಿದ್ಯೆಯ ಮಹಿಮೆ ಹೇಳೋ ಚಿತ್ರ. ಗ್ರಹಚಾರ ನೋಡಿ, ಅದು ಮುಖ ಮಾಡಿರೋದು ಫುಟ್‌ಬಾಲ್ ಸ್ಟೇಡಿಯಂ ಕಡೆಗೆ. ಫುಟ್‌ಬಾಲ್ ಅಂದ್ರೆ ನಾವು ಕಾಲಲ್ಲಿ ಒದೆಯೋದಲ್ಲ, ಹೆಲ್ಮೆಟ್ ಹಾಕ್ಕೊಂಡು ಸುಲಿಯದಿರೋ ತೆಂಗಿನಕಾಯಿ ಥರದ್ದನ್ನ ಕಂಕುಳಲ್ಲಿ ಅವುಚ್ಕೊಂಡು ಓಡೋದು, ಹಿಂದಿಂದ ನಾಲ್ಕೈದು ಜನ ಬಂದು ಮೈಮೇಲೆ ಬೀಳೋದು. ಕಾಯಿ ತಗೊಂಡು ಗೆರೆ ದಾಟಿದ್ರೆ ಟಚ್‌ಡೌನ್, ಆಗ ಅಂಪೈರು ಎರಡೂ ಕೈ ಎತ್ತುತಾನೆ. ಜನಕ್ಕೆ ಅಷ್ಟು ಸಾಕಾಯ್ತು, ಜಗದ್ಗುರು ಅಂತ ಗೋಡೇಲಿ ನಿಲ್ಲಿಸಿದೋನಿಗೆ 'ಟಚ್‌ಡೌನ್ ಜೀಸಸ್' ಅಂತ ಹೆಸರಿಟ್ಟು ಕೂತ್ರು.

ಇಲ್ಲಿಗೆ ಮುಗೀತಾ? ಇಲ್ಲ. ಅದೇ ಲೈಬ್ರರಿ ಪಕ್ಕ ಮೋಶೆಯ ಮೂರ್ತಿ ಇದೆ, ದೇವರು ಒಬ್ಬನೇ ಅಂತ ಒಂದು ಬೆರಳು ಮೇಲೆ ತೋರಿಸ್ತಾ ಇದಾನೆ, ಅವನಿಗೆ 'ಫಸ್ಟ್ ಡೌನ್ ಮೋಸಸ್', ಅಂದ್ರೆ ಕಾಯಿ ಹತ್ತು ಗಜ ಮುಂದಕ್ಕೆ ಹೋಯ್ತು ಅಂತ ಅಂಪೈರು ಕೈ ಚಾಚಿ ತೋರಿಸೋ ಸಿಗ್ನಲ್. ಇನ್ನೊಬ್ರು ಫಾದರ್ ಕೋರ್ಬಿ ಅಂತ, 1863ರಲ್ಲಿ ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕದನದಲ್ಲಿ ಸಾಯೋಕೆ ಹೊರಟ ಐರಿಷ್ ಸೈನಿಕರಿಗೆ ಬಲಗೈ ಎತ್ತಿ ಪಾಪಕ್ಷಮೆ ಕೊಟ್ಟ ಪುಣ್ಯಾತ್ಮ, ಅವರ ಮೂರ್ತಿಗೆ 'ಫೇರ್ ಕ್ಯಾಚ್ ಕೋರ್ಬಿ', ಅಂದ್ರೆ ಕೈ ಎತ್ತಿದೀನಿ, ಕ್ಯಾಚ್ ಹಿಡೀತೀನಿ, ಮೇಲೆ ಬೀಳ್ಬೇಡ್ರಪ್ಪೋ ಅಂತ ಸಿಗ್ನಲ್. ನಾನು ಮಾರನೇ ದಿನ ಈ ಇಬ್ಬರ ಫೋಟೋನೂ ಮೇಷ್ಟ್ರಿಗೆ ತೋರಿಸಿದೆ. ಮೇಷ್ಟ್ರು ಒಂದು ಸೆಕೆಂಡೂ ಯೋಚನೆ ಮಾಡ್ಲಿಲ್ಲ. "ಇವನು ಔಟ್ ಕೊಟ್ಟವ್ನೆ, ಈಯಪ್ಪ ಬೈ ಕೊಟ್ಟವ್ನೆ."

ಯಾರಿಗೂ ಕೋಪ ಬರಲ್ವಂತೆ, ಅದೇ ನನಗೆ ಆಶ್ಚರ್ಯ. ನಮ್ಮೂರಲ್ಲಿ ಕೈ ಎತ್ತಿರೋ ಯಾವ್ದಾದ್ರೂ ಪ್ರತಿಮೆಗೆ 'ಸಿಕ್ಸರ್ ಬಸವಣ್ಣ' ಅಂತ ಒಂದ್ಸಲ ಹೇಳಿ ನೋಡಿ, ಸಾಯಂಕಾಲದೊಳಗೆ ಬಿ.ಎಚ್. ರೋಡು ಬಂದ್, ಟೈರು ಸುಟ್ಟಿರ್ತಾರೆ, ಹೇಳಿದೋನ ಮನೆ ಮುಂದೆ ಪೊಲೀಸ್ ಜೀಪು. ಅಲ್ಲಿ ಟೀ ಶರ್ಟ್ ಮೇಲೆ ಪ್ರಿಂಟ್ ಹಾಕಿ ಮಾರ್ತಾರೆ.

ಇನ್ನು ಹೆಸರಿನ ಕತೆ. 1842ರಲ್ಲಿ ಫ್ರಾನ್ಸಿಂದ ಬಂದ ಫಾದರ್ ಸೊರಿನ್ ಅನ್ನೋರು ಇದನ್ನ ಶುರು ಮಾಡಿದ್ದು, ನೋಟರ್ ಡೇಮ್ ಅಂದ್ರೆ ಫ್ರೆಂಚಲ್ಲಿ ನಮ್ಮ ಮಾತೆ, ಮರಿಯಮ್ಮ. ಟೀಮಿನ ಹೆಸರು ಮಾತ್ರ ಫೈಟಿಂಗ್ ಐರಿಷ್, ಗುರುತು ಹಸಿರು ಕೋಟು ಹಾಕಿ ಮುಷ್ಟಿ ಬಿಗಿದು ನಿಂತ ಒಬ್ಬ ಗಡ್ಡದ ಕುಳ್ಳ. ತಾಯಿ ಹೆಸರಲ್ಲಿ ಮಠ ಕಟ್ಟಿ ಬಾಗಿಲಲ್ಲಿ ಬಾರೋ ನೋಡ್ಕೊಳ್ತೀನಿ ಅನ್ನೋನ್ನ ನಿಲ್ಲಿಸಿದಂಗಾಯ್ತು. ಮ್ಯಾಚಿಗೆ ಮುಂಚೆ ಟೀಮು ಬಲಿಪೂಜೆಗೆ ಹೋಗುತ್ತೆ, ಒಳ್ಳೇದೇ, ಆದ್ರೆ ಎದುರು ಟೀಮು ಬಾಸ್ಟನ್ ಕಾಲೇಜಾಗಿದ್ರೆ ಅದೂ ಕ್ಯಾಥೊಲಿಕ್ಕೇ, ಜೆಸ್ವಿಟ್ ಪಾದ್ರಿಗಳದ್ದು, ಆ ಮ್ಯಾಚಿಗೆ ಹೋಲಿ ವಾರ್ ಅಂತಲೇ ಕರೀತಾರೆ, ಧರ್ಮಯುದ್ಧ! ಇಬ್ಬರೂ ಒಬ್ಬನೇ ದೇವರಿಗೆ ಅರ್ಜಿ ಹಾಕಿದ್ರೆ ಅವನಾದ್ರೂ ಏನ್ ಮಾಡ್ತಾನೆ ಪಾಪ, ಒಂದೇ ಪೋಸ್ಟಿಗೆ ಇಬ್ಬರು ಎಮ್ಮೆಲ್ಲೆಗಳ ಶಿಫಾರಸು ಪತ್ರ ಹಿಡ್ಕೊಂಡು ಕೂತ ಬಿಇಒ ಥರ ಫ್ಯಾನ್ ನೋಡ್ತಾ ಕೂತಿರ್ತಾನೆ.

ಸ್ಟೇಡಿಯಂ 1930ರದ್ದು, ಈಗ ಸೀಟು 77,622. ಸೌತ್ ಬೆಂಡ್ ಜನಸಂಖ್ಯೆ ಒಂದು ಲಕ್ಷ ಚಿಲ್ಲರೆ. ತುಮಕೂರು 2011ರ ಜನಗಣತೀಲೇ ಮೂರು ಲಕ್ಷ ದಾಟಿತ್ತು, ಅವರ ಲೆಕ್ಕದಲ್ಲಿ ನಮಗೆ ಎರಡು ಲಕ್ಷದ ಮೇಲೆ ಸೀಟಿರೋ ಸ್ಟೇಡಿಯಂ ಬೇಕು, ಅಮಾನಿಕೆರೆ ಮುಚ್ಚಿದ್ರೂ ಜಾಗ ಸಾಲಲ್ಲ (ಮುಚ್ಚಿ ಅಂತ ನಾನು ಹೇಳ್ತಿಲ್ಲ, ಐಡಿಯಾ ಯಾರೂ ತಗೋಬೇಡಿ). ಅದಕ್ಕಿಂತ ಚೆನ್ನಾಗಿರೋದು ಇನ್ನೊಂದಿದೆ. 2017ರಲ್ಲಿ 400 ಮಿಲಿಯನ್ ಡಾಲರ್ ಖರ್ಚು ಮಾಡಿ ಸ್ಟೇಡಿಯಂ ಗೋಡೆಗೆ ಮೂರು ಕಟ್ಟಡ ಅಂಟಿಸಿದ್ರು, ಅದರೊಳಗೆ ಸೈಕಾಲಜಿ, ಮಾನವಶಾಸ್ತ್ರ, ಸಂಗೀತ, ಅದರ ಜೊತೆ ಪವಿತ್ರ ಸಂಗೀತ ಅನ್ನೋ ವಿಭಾಗ ಕೂಡ. ಅಂದ್ರೆ ದೇವರ ಭಜನೆ ಕಲಿಯೋ ಕ್ಲಾಸು ಕೂಡ ಈಗ ಸ್ಟೇಡಿಯಂ ಮಗ್ಗುಲಿಗೆ ಬಂದು ಕೂತಿದೆ.

ಮೇಷ್ಟ್ರು ಇದನ್ನ ಕೇಳಿ ಸುಮಾರು ಹೊತ್ತು ಮಾತಾಡ್ಲಿಲ್ಲ. ಅವರು 31 ವರ್ಷ ಸರ್ವಿಸ್ ಮಾಡಿದ ಸ್ಕೂಲು ನನಗೂ ಗೊತ್ತು, ನಾನೂ ಅಲ್ಲೇ ಓದಿದ್ದು. ಗ್ರೌಂಡಿತ್ತು, ಆಮೇಲೆ ಗ್ರೌಂಡಲ್ಲಿ ಎರಡು ರೂಮು ಬಂತು, ಆಮೇಲೆ ಬಿಸಿಯೂಟದ ಅಡುಗೆಮನೆ, ಆಮೇಲೆ ಟೀಚರ್‌ಗಳ ಸ್ಕೂಟಿಗೆ ಶೀಟಿನ ಶೆಡ್ಡು, ಕೊನೆಗೆ ಉಳಿದ ಜಾಗದಲ್ಲಿ ನೂರು ಮೀಟರ್ ಓಡ್ಬೇಕಂದ್ರೆ ಬಾವುಟದ ಕಂಬ ಸುತ್ತಿ ವಾಪಸ್ ಬರ್ಬೇಕಿತ್ತು. ಸ್ಪೋರ್ಟ್ಸ್ ರೂಮಿನ ಬೀಗದ ಕೈ ಹೆಡ್‌ಮಾಸ್ಟರ್ ಡ್ರಾಯರಲ್ಲಿ. ಒಳಗೆ ಗಾಳಿ ಹೋದ ಎರಡು ವಾಲಿಬಾಲು, ಇಲಿ ಕಡಿದ ನೆಟ್ಟು, ಗೆರೆ ಹಾಕೋ ಸುಣ್ಣದ ಪುಡಿ ಗಟ್ಟಿಯಾಗಿ ಇಟ್ಟಿಗೆ ಆಗಿತ್ತು. ಶಾಟ್‌ಪುಟ್ ಗುಂಡು ಮಾತ್ರ ದಿನಾ ಉಪಯೋಗಕ್ಕೆ ಬರ್ತಿತ್ತು, ಗಾಳಿಗೆ ಆಫೀಸ್ ರೂಮಿನ ಬಾಗಿಲು ಬಡ್ಕೋಬಾರ್ದು ಅಂತ ಅಡ್ಡ ಇಡೋಕೆ. ವಾರಕ್ಕೆ ಎರಡು ಪಿಟಿ ಪೀರಿಯಡ್ಡು ಟೈಮ್‌ಟೇಬಲ್ಲಲ್ಲಿ ಇರ್ತಿತ್ತು, ಜುಲೈ ಬರೋಷ್ಟರಲ್ಲಿ ಒಂದು ಮ್ಯಾಥ್ಸ್‌ಗೆ, ಇನ್ನೊಂದು ಸೈನ್ಸ್‌ಗೆ, ಪೋರ್ಷನ್ ಮುಗಿದಿಲ್ಲ ಸಾರ್ ಅಂತ. ಕ್ರೀಡಾ ಶುಲ್ಕ ಮಾತ್ರ ಒಂದು ವರ್ಷವೂ ತಪ್ಪದೆ ರಸೀದಿಲಿ.

ನೋಟರ್ ಡೇಮಿನ ಇನ್ನೊಂದು ಗತ್ತು ಕೇಳಿ. ಅಮೆರಿಕದಲ್ಲಿ ಕಾಲೇಜುಗಳು ಗುಂಪು ಗುಂಪಾಗಿ ಸೇರಿ ಲೀಗ್ ಮಾಡ್ಕೊಂಡು ಟಿವಿ ದುಡ್ಡು ಹಂಚ್ಕೋತಾರೆ. ಇವರು 2013ರಿಂದ ಬಾಸ್ಕೆಟ್‌ಬಾಲು ಅದು ಇದು ಹೆಚ್ಚುಕಮ್ಮಿ ಎಲ್ಲಕ್ಕೂ ಎಸಿಸಿ ಅನ್ನೋ ಗುಂಪಲ್ಲಿದಾರೆ, ಫುಟ್‌ಬಾಲ್ ಮಾತ್ರ ಸ್ವಂತ, ಅದಕ್ಕೆ 1991ರಿಂದ ಎನ್‌ಬಿಸಿ ಟಿವಿ ಜೊತೆ ಬೇರೇನೇ ಕರಾರು. ಮನೆ ಒಟ್ಟುಕುಟುಂಬ, ಅಡುಗೆ ಒಂದೇ, ತೆಂಗಿನ ತೋಟದ ಪಹಣಿ ಮಾತ್ರ ನನ್ನ ಹೆಸರಲ್ಲಿ ಇರ್ಲಿ ಅನ್ನೋ ದೊಡ್ಡಣ್ಣನ್ನ ನೀವು ನೋಡಿರ್ತೀರಲ್ಲ, ಅದೇ. 2020ರಲ್ಲಿ ಕೊರೋನಾ ಬಂದು ಆಡೋಕೆ ಯಾರೂ ಸಿಗ್ದೆ ಇದ್ದಾಗ ಒಂದೇ ಒಂದು ಸೀಸನ್ನಿಗೆ ಫುಟ್‌ಬಾಲನ್ನೂ ಒಟ್ಟುಕುಟುಂಬಕ್ಕೆ ತಂದ್ರು, ಕೊರೋನಾ ಸರಿಹೋಯ್ತು, ಮತ್ತೆ ಪಾಲಾದ್ರು. 2025ರ ಡಿಸೆಂಬರಲ್ಲಿ ಇದಕ್ಕೊಂದು ಪರ್ವಕಾಲ ಬಂತು. ಹತ್ತು ಮ್ಯಾಚ್ ಗೆದ್ದು ಎರಡು ಸೋತಿದ್ರು, ಹನ್ನೆರಡು ಟೀಮಿನ ಪ್ಲೇಆಫಲ್ಲಿ ಕಮಿಟಿಯೋರು ಜಾಗ ಕೊಡ್ಲಿಲ್ಲ, ಇವರ ಜಾಗಕ್ಕೆ ಪೈಪೋಟಿಯಲ್ಲಿದ್ದ ಮಯಾಮಿ ಒಳಗೆ ಹೋಯ್ತು, ಅದೂ ಎಸಿಸಿ ದಾಯಾದಿನೇ. ಸರಿ, ಪ್ಲೇಆಫಿಲ್ಲದೋರಿಗೆ ಬೌಲ್ ಗೇಮ್ ಅಂತ ಸಮಾಧಾನದ ಪಂದ್ಯ ಇರುತ್ತೆ, ಅದನ್ನೂ ಆಡಲ್ಲ ಅಂತ ಎದ್ದು ಹೋದ್ರು. ಮೊದಲನೇ ಪಂಕ್ತೀಲಿ ಎಲೆ ಹಾಕ್ಲಿಲ್ಲ ಅಂತ ಮದುವೆ ಮನೆಯಿಂದ ಊಟ ಬಿಟ್ಟು ಹೋಗೋ ಬೀಗರು ನಮ್ಮ ಕಡೆ ಮಾತ್ರ ಅಂದ್ಕೊಂಡಿದ್ದೆ ನಾನು.

ಆಡೋ ಹುಡುಗರ ವಿಷಯಕ್ಕೆ ಬರೋಣ, ಇಲ್ಲಿ ನನಗೆ ನಗು ಸ್ವಲ್ಪ ಕಮ್ಮಿಯಾಗುತ್ತೆ. 'ಸ್ಟೂಡೆಂಟ್ ಅಥ್ಲೀಟ್' ಅಂತ ಒಂದು ಚೆಂದದ ಪದ ಇದೆ, ಅದು 1950ರ ದಶಕದಲ್ಲಿ ಹುಟ್ಟಿದ್ದು, ಆಟಗಾರ ಆಡ್ತಾ ಪೆಟ್ಟು ಬಿದ್ದು ಸತ್ರೆ ಕೆಲಸಗಾರ ಅಂತ ಪರಿಹಾರ ಕೊಡಬೇಕಾದೀತಲ್ಲ, ಅದಕ್ಕೆ, ಇಲ್ಲಪ್ಪ ಅವನು ಸ್ಟೂಡೆಂಟು ಅನ್ನೋಕೆ. ಕಂಡುಹಿಡಿದಿದ್ದು ಕಾಲೇಜು ಆಟಗಳ ಮೇಲುಸ್ತುವಾರಿ ಸಂಸ್ಥೆ ಎನ್‌ಸಿಎಎ ಮುಖ್ಯಸ್ಥ ವಾಲ್ಟರ್ ಬೈಯರ್ಸ್. ಪರ್ಮನೆಂಟ್ ಮಾಡ್ಬಾರ್ದು ಅಂತ ನಮ್ಮಲ್ಲಿ 'ಅತಿಥಿ ಉಪನ್ಯಾಸಕ' ಅನ್ನೋ ಪದ ಹುಟ್ಟಿಸಿದ ಮಹಾನುಭಾವನೂ ಆ ಬೈಯರ್ಸೂ ಒಂದೇ ಗುರುಕುಲದೋರು ಇರ್ಬೇಕು, ಅತಿಥಿ ಅಂದ್ಮೇಲೆ ಊಟ ಹಾಕಿದ್ರೆ ಸಾಕು ನೋಡಿ. ಅಲ್ಲಿ ಹುಡುಗರು ತಮ್ಮ ಹೆಸರು ಮುಖ ಜಾಹೀರಾತಿಗೆ ಕೊಟ್ಟು ಕಾಸು ಮಾಡ್ಕೋಬಹುದು ಅಂತ ಆಗಿದ್ದೇ 2021ರಲ್ಲಿ, ಕಾಲೇಜೇ ನೇರವಾಗಿ ದುಡ್ಡು ಕೊಡಬಹುದು ಅಂತ ಆಗಿದ್ದು 2025ರಲ್ಲಿ.

ಕೋಚ್‌ಗಳಿಗೆ ಆ ಕಷ್ಟ ಇರ್ಲಿಲ್ಲ. ಚಾರ್ಲಿ ವೈಸ್ ಅಂತ ಒಬ್ಬರಿಗೆ ಬಂದ ಮೊದಲನೇ ಸೀಸನ್ ಅರ್ಧದಲ್ಲೇ ಹತ್ತು ವರ್ಷದ ಕರಾರು ಬರ್ಕೊಟ್ರು, 2009ರಲ್ಲಿ ಸಾಕಪ್ಪ ಹೋಗು ಅಂದ್ರು, ಹೋದ್ಮೇಲೆ 2015ರ ತನಕ ಸುಮಾರು 19 ಮಿಲಿಯನ್ ಡಾಲರ್ ಕೊಟ್ರು, ನಮ್ಮ ದುಡ್ಡಲ್ಲಿ ನೂರೈವತ್ತು ಕೋಟಿ ಮೇಲಾಯ್ತು. ಮಧ್ಯದಲ್ಲಿ ಆತ ಕಾನ್ಸಸ್ ಯೂನಿವರ್ಸಿಟಿಗೆ ಹೋಗಿ ಅಲ್ಲೂ ಕೆಲಸ ಕಳ್ಕೊಂಡು, ಕೊನೆಗೆ ಎರಡು ಕಾಲೇಜು ಒಟ್ಟಿಗೆ 'ಬರಬೇಡ' ಅಂತ ಸಂಬಳ ಕೊಡ್ತಿದ್ವು. ಬ್ರಯನ್ ಕೆಲ್ಲಿ ಅಂತ ಇನ್ನೊಬ್ಬರು 2021ರಲ್ಲಿ ಇವರನ್ನ ಬಿಟ್ಟು ಲೂಸಿಯಾನಾಗೆ ಹೋದ್ರು, ಹತ್ತು ವರ್ಷಕ್ಕೆ 95 ಮಿಲಿಯನ್, ಹುಟ್ಟಿದ್ದು ಬಾಸ್ಟನ್ ಕಡೆ, ಲೂಸಿಯಾನಾಗೆ ಕಾಲಿಟ್ಟ ವಾರದೊಳಗೆ ಮೈಕ್ ಹಿಡ್ಕೊಂಡು ಆ ಕಡೆಯೋರ ಥರ ರಾಗ ಎಳೆದ್ರು, ಇಡೀ ಅಮೆರಿಕ ಬಿದ್ದು ಬಿದ್ದು ನಕ್ತು. ತಿಪಟೂರಿನೋನು ಮಂಗಳೂರು ಬಸ್‌ಸ್ಟ್ಯಾಂಡಲ್ಲಿ ಇಳಿದ ತಕ್ಷಣ 'ಎಂತ ಮಾರಾಯ್ರೇ' ಅಂದಂಗೆ. 2025ರಲ್ಲಿ ಅವರೂ ಕೆಲಸ ಕಳ್ಕೊಂಡ್ರು.

ನನಗೆ ಇಷ್ಟವಾದೋರು ಜಾರ್ಜ್ ಓಲಿಯರಿ. 2001ರ ಡಿಸೆಂಬರಲ್ಲಿ ಕೋಚ್ ಆಗಿ ಬಂದ್ರು, ಐದೇ ದಿನಕ್ಕೆ ರಾಜೀನಾಮೆ. ಬಯೋಡೇಟಾದಲ್ಲಿ ಇಲ್ದಿರೋ ಮಾಸ್ಟರ್ ಡಿಗ್ರಿ ಇತ್ತು, ಕಾಲೇಜಲ್ಲಿ ಮೂರು ವರ್ಷ ಫುಟ್‌ಬಾಲ್ ಆಡಿದೀನಿ ಅಂತಲೂ ಇತ್ತು, ಎರಡೂ ಸುಳ್ಳು. ಗೋಡೆ ತುಂಬಾ ಜಗದ್ಗುರು ನಿಂತಿರೋ ಕಡೆ ಮಾರ್ಕ್ಸ್ ಕಾರ್ಡ್ ಒಂದ್ಸಲ ತೆಗೆದು ನೋಡೋಕೆ ಯಾರಿಗೂ ಪುರುಸೊತ್ತಾಗಿರ್ಲಿಲ್ಲ.

ಮೊನ್ನೆ ಭಾನುವಾರ ಮಹಾತ್ಮ ಗಾಂಧಿ ಸ್ಟೇಡಿಯಂ ಹತ್ರ ವಾಕ್ ಮುಗಿಸಿ ಬರ್ತಾ ಇದಿಷ್ಟೂ ಮೇಷ್ಟ್ರಿಗೆ ಒಪ್ಪಿಸಿದೆ. ಟೀ ಬಂತು, ಮೇಷ್ಟ್ರು ಊದ್ಕೊಂಡು ಒಂದು ಗುಟುಕು ಕುಡಿದ್ರು.

"ಆ ವೈಸು ಅನ್ನೋನು, ಗ್ರೌಂಡಿಗೆ ಬರ್ದೇನೇ ಎಷ್ಟು ವರ್ಷ ಸಂಬಳ ತಗೊಂಡ?"

"ಆರು ವರ್ಷ ಸಾರ್."

"ನಾನು ಇಪ್ಪತ್ತೆಂಟು" ಅಂದ್ರು. "ಪೀರಿಯಡ್ಡೆಲ್ಲ ಆ ಮ್ಯಾಥ್ಸ್ ಮೇಡಮ್ಮೇ ತಗೋತಿತ್ತು. ನಂದೇ ರೆಕಾರ್ಡು ಕಣಪ್ಪ, ನಿಮ್ಮಕ್ಕನ ಮಗನಿಗೆ ಹೇಳು."

ಆಮೇಲೆ ಗ್ಲಾಸ್ ಕೆಳಗಿಟ್ಟು, ದನಿ ತಗ್ಗಿಸಿ, "ಆ ಸುಳ್ಳು ಬಯೋಡೇಟಾದೋನಿಗೆ ಐದು ದಿನದ ಸಂಬಳ ಕೊಟ್ರಂತಾ, ಅದನ್ನೂ ಕೇಳು."